ರೋಟನ್‌ಬುರ್ಗ್ ಕೋಟೆ ಬಾಗಿಲಿನಾಚೆ: ಯಾವ ಕಾಲುದಾರಿ ಯಾರಿಗೆ?

ಬೆಟ್ಟ ಹತ್ತಿ ಅಭ್ಯಾಸ ಇರುವವರಿಗೆ ರೋಟನ್‌ಬುರ್ಗ್ ಸುತ್ತಲಿನ ನಡಿಗೆ ಮೊದಲ ದಿನ ತಲೆಕೆಳಗಾಗಿ ಕಾಣುತ್ತದೆ. ಬೆಟ್ಟದಲ್ಲಿ ಏದುಸಿರು ಬಿಡುವುದೆಲ್ಲ ಬೆಳಿಗ್ಗೆ, ವಾಪಸ್ ಬರುವಾಗ ಇಳಿಜಾರು. ಇಲ್ಲಿ ಊರೇ ಮೇಲಿದೆ. ಟೌಬರ್ ಹೊಳೆ ಹರಿಯುವುದು ಸುಮಾರು 60 ಮೀಟರ್ ಕೆಳಗೆ. ಕೋಟೆ ಬಾಗಿಲು ದಾಟಿ ಪಶ್ಚಿಮಕ್ಕೆ ಹೊರಟರೆ ಹಾಡು ಗುನುಗಿಕೊಂಡು ಇಳಿದುಬಿಡುತ್ತೀರಿ. ಸಂಜೆ ಕಾಲು ಸೋತು ಹೊಟ್ಟೆ ಹಸಿದಾಗ ಆ ಏರು ಅಲ್ಲೇ ಕಾಯುತ್ತಿರುತ್ತದೆ.

ಹಾಗಾಗಿ ಇಲ್ಲಿ ದಾರಿ ಆರಿಸುವಾಗ ಎಷ್ಟು ಕಿಲೋಮೀಟರ್ ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದು, ವಾಪಸ್ ಮೇಲೆ ಬರುವುದು ಹೇಗೆ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ದಾರಿಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಊರಿನ ಬಗ್ಗೆ ನಾಲ್ಕು ಮಾತು. ಜರ್ಮನಿಯ ಬವೇರಿಯಾ ರಾಜ್ಯದಲ್ಲಿ, ಫ್ರಾಂಕೋನಿಯಾ ಸೀಮೆಯಲ್ಲಿದೆ. ಪೂರ್ತಿ ಹೆಸರು ರೋಟನ್‌ಬುರ್ಗ್ ಓಬ್ ಡೆರ್ ಟೌಬರ್, ಅಂದರೆ ಟೌಬರ್ ಹೊಳೆಯ ಮೇಲಿನ ರೋಟನ್‌ಬುರ್ಗ್. ಜನಸಂಖ್ಯೆ ಸುಮಾರು 11,000. 1274ರಲ್ಲಿ ಇದು ಸ್ವತಂತ್ರ ನಗರವಾಯಿತು. ರಾಜನಿಗೆ ನೇರವಾಗಿ ಉತ್ತರ ಹೇಳಿದರೆ ಸಾಕು, ನಡುವೆ ಯಾವ ಸಾಮಂತನೂ ಇಲ್ಲ. ಆ ಕಾಲದ ಸುತ್ತುಗೋಡೆ, ಬುರುಜು, ಬಾಗಿಲು ಇವತ್ತಿಗೂ ಊರನ್ನು ತಬ್ಬಿಕೊಂಡಿವೆ. ಅದಕ್ಕೇ ಬಸ್ಸುಗಟ್ಟಲೆ ಜನ. ಹತ್ತು ಗಂಟೆಗೆ ಬರುತ್ತಾರೆ, ಎರಡು ಬೀದಿ ಸೇರುವ ಪ್ಲ್ಯೋನ್‌ಲೈನ್ ಮೂಲೆಯಲ್ಲಿ ಫೋಟೋ ಹೊಡೆಯುತ್ತಾರೆ, ಶ್ನೇಬಾಲನ್ ಅನ್ನುವ ಸಕ್ಕರೆ ಉದುರಿಸಿದ ಕರಿದ ಉಂಡೆ ತಿನ್ನುತ್ತಾರೆ, ಹೊರಟುಹೋಗುತ್ತಾರೆ. ಆ ಉಂಡೆ ನೋಡಲು ಚಿರೋಟಿಯ ನೆಂಟ. ತಿನ್ನಲು ಅಷ್ಟೇನೂ ಹತ್ತಿರದ ನೆಂಟ ಅಲ್ಲ.

ಇವರಲ್ಲಿ ಬಹಳ ಜನ ಕಣಿವೆಗೆ ಇಳಿಯುವುದೇ ಇಲ್ಲ. ಇಳಿದು ಹತ್ತೇ ನಿಮಿಷಕ್ಕೆ ಗದ್ದಲ ನಿಂತು ನೀರಿನ ಸದ್ದು ಕೇಳುತ್ತದೆ. ಪ್ರವಾಸೋದ್ಯಮದವರು ಈ ಕಣಿವೆಗೆ ಲೀಬ್ಲಿಶೆಸ್ ಟೌಬರ್‌ಟಾಲ್ ಅನ್ನುತ್ತಾರೆ, ಮುದ್ದಾದ ಟೌಬರ್ ಕಣಿವೆ ಅಂತ. ಲೀಬ್ಲಿಶ್ ಅನ್ನುವ ಪದವನ್ನೇ ಅಲ್ಲಿ ಸಿಹಿಯಾದ ವೈನ್ ಬಾಟಲಿಯ ಮೇಲೂ ಬರೆದಿರುತ್ತಾರೆ. ಈ ಸೀಮೆಗೆ ಒಪ್ಪುವ ಪದ. ಕಡಿದಾದ ಬಂಡೆ ಇಲ್ಲ, ಎದೆ ನಡುಗಿಸುವ ಪ್ರಪಾತ ಇಲ್ಲ. ಹುಲ್ಲುಗಾವಲು, ಹಣ್ಣಿನ ಮರ, ನಡುವೆ ಹೊಳೆ. ಹೊಳೆ ಅಂದರೂ ಇಲ್ಲಿ ಅದು ದೊಡ್ಡ ಹಳ್ಳದಷ್ಟೇ.

ಗೋಡೆಯ ಮೇಲೆ

ಇದನ್ನು ಚಾರಣ ಅಂತ ಕರೆಯಲು ನನಗೂ ಸಂಕೋಚ. ಆದರೂ ಹೋಲಿಕೆಯಲ್ಲಿ ಬಿಡುವ ಹಾಗಿಲ್ಲ. ಕೋಟೆ ಗೋಡೆಯ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್ ನಡೆಯಬಹುದು. ಟಿಕೆಟ್ ಇಲ್ಲ. ಬುರುಜುಗಳನ್ನೆಲ್ಲ ಸೇರಿಸಿ ಊರನ್ನು ಪೂರ್ತಿ ಸುತ್ತಿದರೆ ಸುಮಾರು 4 ಕಿ.ಮೀ. ಆಗುತ್ತದೆ. ಗೋಡೆಯ ಮೇಲಿನ ದಾರಿಗೆ ಮರದ ತೊಲೆ, ಹೆಂಚಿನ ಮಾಡು ಇದೆ. ಹಾಗಾಗಿ ಮಳೆ ಬಂದ ದಿನ ಇದರಷ್ಟು ಒಳ್ಳೆಯ ನಡಿಗೆ ಇನ್ನೊಂದಿಲ್ಲ. ಎದುರಿನಿಂದ ಯಾರಾದರೂ ಬಂದರೆ ಇಬ್ಬರೂ ಪಕ್ಕಕ್ಕೆ ತಿರುಗಿ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಎತ್ತರದವರು ತೊಲೆಗಳನ್ನು ನೋಡಿಕೊಂಡು ನಡೆಯಿರಿ. ನಾನು ಎತ್ತರದವನಲ್ಲ, ಆದರೂ ಒಂದು ಸಲ ಹಣೆ ಚಚ್ಚಿಕೊಂಡಿದ್ದೇನೆ.

ಪೂರ್ವದ ಭಾಗದಲ್ಲಿ ನಿಧಾನವಾಗಿ ನಡೆಯಿರಿ. ಗೋಡೆಯ ಕಲ್ಲುಗಳಲ್ಲಿ ಹೆಸರು ಕೆತ್ತಿದ ಫಲಕಗಳಿವೆ, ಕೆಲವುಗಳಲ್ಲಿ ಹೆಸರಿನ ಪಕ್ಕ ಇಷ್ಟು ಮೀಟರ್ ಅಂತ ಲೆಕ್ಕವೂ ಇದೆ. 1945ರ ಮಾರ್ಚ್ 31ರಂದು ಬಿದ್ದ ಬಾಂಬಿಗೆ ಹಳೇ ಊರಿನ ಸುಮಾರು ಶೇ. 40 ಭಾಗ ನಾಶವಾಯಿತು. ಗೋಡೆಯ ದೊಡ್ಡ ತುಂಡೊಂದು ಕುಸಿಯಿತು. ಮತ್ತೆ ಕಟ್ಟಲು ಜಗತ್ತಿನ ಎಲ್ಲೆಲ್ಲಿಂದಲೋ ಜನ ಹಣ ಕೊಟ್ಟರು. ಅಮೆರಿಕದವರ, ಜಪಾನಿನವರ ಹೆಸರುಗಳೂ ಇವೆ. ನಮ್ಮ ಕಡೆ ದೇವಸ್ಥಾನದ ಕಲ್ಲುಹಾಸಿನ ಮೇಲೆ ಸೇವಾಕರ್ತರ ಹೆಸರು ಓದಿಕೊಂಡು ನಡೆಯುತ್ತೇವಲ್ಲ, ಅದೇ ಥರ.

ಇದರ ಕೊರತೆ ಏನು ಅಂದರೆ, ಕಣಿವೆ ಇರುವ ಪಶ್ಚಿಮದ ಕಡೆ ಈ ಮಾಡಿನ ದಾರಿ ಇಲ್ಲ. ನೀವು ನೋಡುವುದು ಊರಿನ ಸೂರು, ಹಿತ್ತಲು, ಒಣಹಾಕಿದ ಬಟ್ಟೆ. ಬಯಲು ಕಾಣುವುದು ಬಾಣ ಬಿಡುವ ಕಿಂಡಿಗಳಲ್ಲಿ ತುಣುಕು ತುಣುಕಾಗಿ. ಹತ್ತುವ ಮೆಟ್ಟಿಲು ಕಡಿದು. ಮಂಡಿನೋವು ಇರುವವರಿಗೂ ಮಗುವಿನ ತಳ್ಳುಗಾಡಿಗೂ ಆಗಿಬರುವುದಿಲ್ಲ.

ಡೆಟ್‌ವಾಂಗ್ ಸುತ್ತು

ಒಂದೇ ದಾರಿ ಹೇಳು ಅಂದರೆ ನಾನು ಹೇಳುವುದು ಇದನ್ನೇ. ಐದಾರು ಕಿಲೋಮೀಟರ್. ಅಲ್ಲಲ್ಲಿ ನಿಂತು ನೋಡಿದರೂ ಎರಡೂವರೆ ಗಂಟೆ ಸಾಕು. ಎರಡು ರೈಲುಗಳ ನಡುವೆ ಸಿಕ್ಕಿದ ಸಮಯದಲ್ಲೂ ಮುಗಿಸಬಹುದು.

ಶುರು ಬುರ್ಗ್‌ಗಾರ್ಟನ್‌ನಿಂದ, ಅಂದರೆ ಕೋಟೆ ತೋಟದಿಂದ. ಕಣಿವೆಯ ಮೇಲೆ ಮೂಗಿನ ಹಾಗೆ ಚಾಚಿಕೊಂಡ ದಿಣ್ಣೆ ಇದು. ಹಿಂದೆ ಇಲ್ಲಿ ರಾಜರ ಕೋಟೆಮನೆ ಇತ್ತು, 1356ರ ಭೂಕಂಪದಲ್ಲಿ ಬಿದ್ದುಹೋಯಿತು ಅನ್ನುತ್ತಾರೆ. ಈಗ ಹೂವು, ಬೆಂಚು, ಒಂದು ಹಳೇ ಪ್ರಾರ್ಥನಾ ಮಂದಿರ. ದಕ್ಷಿಣದ ಕಟ್ಟೆಯ ಹತ್ತಿರ ನಿಂತರೆ ಊರು ಬಿಲ್ಲಿನ ಹಾಗೆ ಬಾಗಿರುವುದು ಕಾಣುತ್ತದೆ. ಅಲ್ಲಿಂದ ಮರಗಳ ನಡುವೆ ಇಳಿಯುವ ಕಾಲುದಾರಿ ಹಿಡಿದು ಜೋಡಿ ಸೇತುವೆಗೆ ಬನ್ನಿ. ಕಮಾನಿನ ಮೇಲೆ ಕಮಾನು ಇಟ್ಟು ಕಟ್ಟಿದ ಕಲ್ಲು ಸೇತುವೆ. ಮೂಲ ಸೇತುವೆ 14ನೇ ಶತಮಾನದ್ದು. 1945ರಲ್ಲಿ ಒಡೆದುಹೋಗಿ, ಆಮೇಲೆ ಮತ್ತೆ ಕಟ್ಟಿದ್ದಾರೆ. ಪಕ್ಕದಲ್ಲೇ ಕೋಬೋಲ್ಟ್ಸೆಲ್ ಇಗರ್ಜಿ ಇದೆ. 1525ರ ರೈತ ದಂಗೆಯಲ್ಲಿ ಇದನ್ನು ಲೂಟಿ ಮಾಡಿದ್ದರು.

ಇಲ್ಲಿಂದ ಹೊಳೆ ಹರಿಯುವ ದಿಕ್ಕಿಗೇ ನಡೆದರೆ ಟೋಪ್ಲರ್ ಮನೆ ಸಿಗುತ್ತದೆ. ಇದರ ಮುಂದೆ ಐದು ನಿಮಿಷ ನಿಲ್ಲಿ. ಕೆಳಗೆ ಕಿರಿದಾದ ಕಲ್ಲಿನ ಗೋಪುರ. ಅದರ ನೆತ್ತಿಯ ಮೇಲೆ ಅದಕ್ಕಿಂತ ಅಗಲವಾದ ಮರದ ಚೌಕಟ್ಟಿನ ಮನೆ. ಗೋಡೆ ನಾಲ್ಕೂ ಕಡೆ ಹೊರಕ್ಕೆ ಚಾಚಿದೆ. ಮನೆಯೊಂದು ಅಣಬೆಯ ಹಾಗೆ ನೆಲದಿಂದ ಎದ್ದು ನಿಂತಂತಿದೆ. 1388ರಲ್ಲಿ ಊರಿನ ಮೇಯರ್ ಹೈನ್ರಿಶ್ ಟೋಪ್ಲರ್ ಕಟ್ಟಿಸಿದ್ದು. ಆಗ ಸುತ್ತಲೂ ನೀರಿತ್ತು. ಆರಾಮ ಮಾಡಲು ಕಟ್ಟಿಸಿದ ಮನೆಗೂ ಕಂದಕ, ನೋಡಿ. ಸುಮ್ನೆ ಹೆದರಿದ್ದಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. 1408ರಲ್ಲಿ ಆತ ತನ್ನದೇ ಊರಿನ ಪುರಭವನದ ಕೆಳಗಿನ ಕತ್ತಲಕೋಣೆಯಲ್ಲಿ ಸತ್ತ.

ಇನ್ನಷ್ಟು ನಡೆದರೆ ಡೆಟ್‌ವಾಂಗ್ ಹಳ್ಳಿ. ರೋಟನ್‌ಬುರ್ಗ್‌ಗಿಂತ ಹಳೇ ಊರು. ಪುಟ್ಟ ಇಗರ್ಜಿಯೊಳಗೆ ಟಿಲ್ಮನ್ ರೀಮನ್‌ಶ್ನೈಡರ್ ಕೆತ್ತಿದ ಮರದ ಬಲಿಪೀಠವಿದೆ. ಸುಮಾರು 500 ವರ್ಷದ ಹಿಂದಿನ ಈ ಕೆತ್ತನೆಗಾರ ಇಲ್ಲಿಗೆಂದು ಮಾಡಿದ್ದಲ್ಲ ಅದು. ಮೇಲಿನ ಊರಿನ ಬೇರೊಂದು ಮಂದಿರದಿಂದ ತಂದಿದ್ದು. ಇಲ್ಲಿನ ಜಾಗಕ್ಕೆ ಹಿಡಿಸಲಿಲ್ಲ ಅಂತ ಅಗಲ ಕಡಿಮೆ ಮಾಡಿದ್ದಾರೆ. ಗಮನಿಸಿ ನೋಡಿದರೆ ಶಿಲುಬೆಯ ಎರಡೂ ಪಕ್ಕದ ಜನ ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದಾರೆ. ಆದರೂ ಒಂದೊಂದು ಮುಖದ ದುಃಖವೂ ಬೇರೆ ಬೇರೆ. ಇಗರ್ಜಿ ಸದಾ ತೆರೆದಿರುವುದಿಲ್ಲ, ಚಳಿಗಾಲದಲ್ಲಂತೂ ವೇಳೆ ವಿಚಾರಿಸಿಕೊಂಡೇ ಹೋಗಬೇಕು.

ವಾಪಸ್ ದಾರಿ ಕ್ಲಿಂಗನ್‌ಟೋರ್ ಬಾಗಿಲಿನ ಕಡೆಗೆ ಏರುತ್ತದೆ. ಏರು ಇದೆ, ಆದರೆ ಅದು ಬೇಗ ಮುಗಿಯುವ ಏರು. ಮಧ್ಯಾಹ್ನದ ಮೇಲೆ ಹೊರಟರೆ ಇನ್ನೂ ಚೆನ್ನ. ಊರಿನ ಕಣಿವೆ ಕಡೆಯ ಮುಖಕ್ಕೆ ಆಗಲೇ ಬಿಸಿಲು ಬೀಳುವುದು, ಕೆಳಗಿನಿಂದ ತೆಗೆದ ಫೋಟೋದಲ್ಲಿ ಕೆಂಪು ಹೆಂಚು ಕೆಂಪಾಗಿಯೇ ಬರುತ್ತದೆ. ಬೆಳಿಗ್ಗೆ ತೆಗೆದರೆ ಬೆಳಕು ಎದುರಿಗಿದ್ದು, ಊರೆಲ್ಲ ಕಪ್ಪು ನೆರಳು.

ಗಿರಣಿಗಳ ದಾರಿ

ಜೋಡಿ ಸೇತುವೆಯಿಂದ ಹೊಳೆಯ ಮೇಲ್ದಿಕ್ಕಿಗೂ ಕೆಳದಿಕ್ಕಿಗೂ ಸಾಲು ಸಾಲು ಹಳೇ ನೀರುಗಿರಣಿಗಳು. ಊರು ಮೇಲಿದ್ದರೆ ಶತ್ರುಗಳಿಂದ ರಕ್ಷಣೆ ಸಿಗುತ್ತದೆ, ಆದರೆ ಚಕ್ರ ತಿರುಗಿಸಲು ನೀರು ಸಿಗುವುದಿಲ್ಲ. ಹಾಗಾಗಿ ಕಾಳು ಗಾಡಿಯಲ್ಲಿ ಕೆಳಗಿಳಿದು, ಹಿಟ್ಟಾಗಿ ಮೇಲೆ ಹತ್ತಬೇಕಿತ್ತು. ನಿಮಗೆ ಸಂಜೆ ಸಿಗುವ ಏರೇ ಆ ಎತ್ತು ಕುದುರೆಗಳಿಗೂ ಸಿಗುತ್ತಿತ್ತು ಅನ್ನಿ. ಈಗ ಹೆಚ್ಚಿನವು ಮನೆ ಅಥವಾ ಅತಿಥಿಗೃಹ. ದಾರಿಯಲ್ಲಿ ಗಿರಣಿಗಳ ಬಗ್ಗೆ ಹೇಳುವ ಫಲಕಗಳಿವೆ.

ಡೆಟ್‌ವಾಂಗ್ ಸುತ್ತಿಗೆ ಹೋಲಿಸಿದರೆ ಇಲ್ಲಿ ನೋಡುವುದು ಕಡಿಮೆ, ನಡೆಯುವುದು ಸುಲಭ. ನೆಲ ಹೆಚ್ಚುಕಡಿಮೆ ಮಟ್ಟಸ, ಹಲವು ಕಡೆ ಡಾಂಬರು. ಅಪ್ಪ ಅಮ್ಮನನ್ನು ಕರೆದುಕೊಂಡು ಬಂದವರಿಗೆ, ತಳ್ಳುಗಾಡಿ ಇರುವವರಿಗೆ ಇದೇ ಸರಿ. ಕಾರಿದ್ದರೆ ಅವರನ್ನು ಕೆಳಗೇ ಇಳಿಸಿ, ಕೆಳಗಿಂದಲೇ ಹತ್ತಿಸಿಕೊಳ್ಳಿ. ಮೇಲ್ದಿಕ್ಕಿಗೆ ಗೆಬ್‌ಸಾಟೆಲ್ ಹಳ್ಳಿಯ ಕಡೆ ಎಷ್ಟು ದೂರ ಬೇಕೋ ಅಷ್ಟು ಹೋಗಿ, ಸಾಕೆನಿಸಿದ ಕಡೆ ತಿರುಗಿದರಾಯಿತು. ಒಂದೇ ಎಚ್ಚರಿಕೆ: ಕಣಿವೆಯ ರಸ್ತೆ ಕಿರಿದು, ಸೈಕಲ್ ಜಾಸ್ತಿ. ರೋಟನ್‌ಬುರ್ಗ್‌ನಿಂದ ವೆರ್ಟ್‌ಹೈಮ್‌ವರೆಗಿನ ಸುಮಾರು 100 ಕಿ.ಮೀ. ಸೈಕಲ್ ಮಾರ್ಗ ಇಲ್ಲಿಂದಲೇ ಶುರು. ಗಂಟೆ ಸದ್ದು ಕೇಳಿದರೆ ಬಲಕ್ಕೆ ಸರಿಯಿರಿ. ರಸ್ತೆ ತುಂಬ ಸಾಲಾಗಿ ಹರಟುತ್ತಾ ನಡೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ.

ಕ್ರೆಗ್ಲಿಂಗನ್‌ಗೆ: ಕೆಳಗಿನಿಂದಲೋ ಮೇಲಿನಿಂದಲೋ?

ಪೂರ್ತಿ ಒಂದು ದಿನ ಇದ್ದು, ಕಾಲಲ್ಲಿ ಕಸುವೂ ಇದ್ದರೆ ಹೊಳೆಯ ಜೊತೆಗೇ ಕ್ರೆಗ್ಲಿಂಗನ್‌ವರೆಗೆ ನಡೆಯಬಹುದು. ಅಂದಾಜು 20 ಕಿ.ಮೀ. ಡೆಟ್‌ವಾಂಗ್ ದಾಟಿದ ಮೇಲೆ ಬೆಟ್ವಾರ್, ಟೌಬರ್‌ಶೆಕ್ಕೆನ್‌ಬಾಖ್, ಟೌಬರ್‌ಟ್ಸೆಲ್, ಆರ್ಶೋಫನ್ ಹೀಗೆ ಹಳ್ಳಿಗಳು ಒಂದರ ಹಿಂದೆ ಒಂದು ಬರುತ್ತವೆ. ಹೆಸರು ಉದ್ದ, ಊರು ಗಿಡ್ಡ.

ಇಲ್ಲಿ ಎರಡು ಆಯ್ಕೆ. ಕಣಿವೆಯ ತಳದಲ್ಲೇ ಹೋದರೆ ಏರಿಳಿತ ಇಲ್ಲ, ದಾರಿ ತಪ್ಪುವ ಭಯವೂ ಇಲ್ಲ. ಆದರೆ ಬೇಸಿಗೆಯ ಮಧ್ಯಾಹ್ನ ಡಾಂಬರಿನ ಮೇಲೆ ಸೈಕಲ್‌ಗಳ ಜೊತೆ ನಡೆಯುವುದು ಎರಡು ಗಂಟೆಯ ಮೇಲೆ ಬೇಜಾರು. ಇನ್ನೊಂದು, ಪನೋರಮಾವೆಗ್ ಟೌಬರ್‌ಟಾಲ್ ಅನ್ನುವ ಗುರುತು ಹಾಕಿದ ಚಾರಣ ದಾರಿ. ಪೂರ್ತಿ ನಡೆದರೆ ಸುಮಾರು 130 ಕಿ.ಮೀ., ರೋಟನ್‌ಬುರ್ಗ್‌ನಿಂದ ಮೈನ್ ನದಿ ದಡದ ಫ್ರಾಯ್ಡನ್‌ಬೆರ್ಗ್‌ವರೆಗೆ. ಇದು ಕಣಿವೆಯ ಅಂಚಿಗೆ ಹತ್ತುತ್ತದೆ, ಕಾಡಿಗೆ ನುಗ್ಗುತ್ತದೆ, ಮತ್ತೆ ಇಳಿಯುತ್ತದೆ. ಹಾಗಾಗಿ ಕ್ರೆಗ್ಲಿಂಗನ್ ಮುಟ್ಟಲು ಸಮಯವೂ ಜಾಸ್ತಿ, ಬೆವರೂ ಜಾಸ್ತಿ.

ನನ್ನ ಓಟು ಮೇಲಿನ ದಾರಿಗೆ. ಕಾರಣ ಕಲ್ಲುಸಾಲುಗಳು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಉದ್ದುದ್ದ ಕಲ್ಲಿನ ರಾಶಿ ಬಿದ್ದಿರುತ್ತದೆ. ಗೋಡೆ ಅನ್ನುವ ಹಾಗಿಲ್ಲ, ಗುಡ್ಡೆ ಅನ್ನುವ ಹಾಗೂ ಇಲ್ಲ. ಇಲ್ಲಿಯವರು ಇದಕ್ಕೆ ಸ್ಟೈನ್‌ರೀಗೆಲ್ ಅನ್ನುತ್ತಾರೆ. ದ್ರಾಕ್ಷಿ ಬೆಳೆಯುತ್ತಿದ್ದವರು ತಲೆಮಾರುಗಟ್ಟಲೆ ಹೊಲದ ಸುಣ್ಣಕಲ್ಲು ಆರಿಸಿ ಬದುವಿಗೆ ಎಸೆದರು, ಎಸೆದದ್ದೇ ಸಾಲಾಯಿತು. ಬಹಳ ಕಡೆ ದ್ರಾಕ್ಷಿ ಹೋಗಿ ಪೊದೆ ಬೆಳೆದಿದೆ, ಕಲ್ಲು ಮಾತ್ರ ಉಳಿದಿದೆ. ಬಿಸಿಲು ಬಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟರೆ ಬೆಚ್ಚಗಿರುತ್ತದೆ, ಪಕ್ಕದ ಸಂದಿನಿಂದ ಹಲ್ಲಿಯಂಥದ್ದೊಂದು ಸರಕ್ಕನೆ ಓಡುತ್ತದೆ. ಟೌಬರ್‌ಟ್ಸೆಲ್‌ನಲ್ಲಿ ಈಗಲೂ ದ್ರಾಕ್ಷಿ ಬೆಳೆಯುತ್ತಾರೆ. ಈ ಕಣಿವೆಯದ್ದೇ ಆದ ಟೌಬರ್‌ಶ್ವಾರ್ಟ್ಸ್ ಅನ್ನುವ ಕಪ್ಪು ತಳಿ ಒಮ್ಮೆ ಅಳಿದೇಹೋಗುವ ಹಂತಕ್ಕೆ ಬಂದು ಮತ್ತೆ ಚಿಗುರಿದ್ದು.

ಕ್ರೆಗ್ಲಿಂಗನ್ ಊರಾಚೆ ಹೆರ್‌ಗೋಟ್ಸ್‌ಕಿರ್ಶೆ ಅನ್ನುವ ಇಗರ್ಜಿಯಲ್ಲಿ ರೀಮನ್‌ಶ್ನೈಡರನ ಇನ್ನೊಂದು ಬಲಿಪೀಠ, ಮೇರಿಯದ್ದು. ರೋಟನ್‌ಬುರ್ಗ್‌ನ ಸೇಂಟ್ ಯಾಕೋಬ್ ಇಗರ್ಜಿಯ ಮಹಡಿಯಲ್ಲಿ ಮತ್ತೊಂದು. ಅದರಲ್ಲಿ ಕೊನೆಯ ಭೋಜನದ ನಟ್ಟನಡುವೆ ನಿಂತವನು ಏಸು ಅಲ್ಲ, ಆತನಿಗೆ ದ್ರೋಹ ಬಗೆದ ಶಿಷ್ಯ ಯೂದ. ಬೆಳಿಗ್ಗೆ ಅದನ್ನು ನೋಡಿ, ದಾರಿಯಲ್ಲಿ ಡೆಟ್‌ವಾಂಗ್‌ನದ್ದು, ಸಂಜೆ ಇದು. ಒಬ್ಬನೇ ಕೆತ್ತನೆಗಾರನ ಮೂರು ಕೆಲಸಗಳನ್ನು ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲಿ ನೋಡಿದ ಹಾಗಾಯಿತು. ಇಗರ್ಜಿ ಮುಚ್ಚುವ ವೇಳೆಗೆ ಮೊದಲು ತಲುಪಬೇಕು, ಅಷ್ಟೇ.

ಇನ್ನು ಮೊದಲ ಪ್ರಶ್ನೆ: ವಾಪಸ್ ಹೇಗೆ? ಬಸ್ಸು. ಇಲ್ಲೇ ನಾನು ಕೆಟ್ಟೆ. ನಿಲ್ದಾಣದ ವೇಳಾಪಟ್ಟಿಯಲ್ಲಿ ಸಂಜೆಯ ಬಸ್ಸು ಸ್ಪಷ್ಟವಾಗಿ ಇತ್ತು. ಮುಕ್ಕಾಲು ಗಂಟೆ ಕಾದೆ, ಬರಲಿಲ್ಲ. ಆಮೇಲೆ ನೋಡಿದರೆ ಗಂಟೆಯ ಪಕ್ಕ ಇರುವೆ ಗಾತ್ರದ ‘ಎಸ್’ ಅಕ್ಷರ. ಶಾಲೆ ಇರುವ ದಿನ ಮಾತ್ರ ಅಂತ ಅದರ ಅರ್ಥ. ಅವತ್ತು ಮಕ್ಕಳಿಗೆ ರಜೆ, ನನಗೆ ಸಜೆ. ಇದರಲ್ಲಿ ಇನ್ನೊಂದು ಕೊಂಕು ಇದೆ. ರೋಟನ್‌ಬುರ್ಗ್ ಬವೇರಿಯಾದಲ್ಲಿ, ಕ್ರೆಗ್ಲಿಂಗನ್ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ. ಎರಡು ರಾಜ್ಯದ ಶಾಲಾ ರಜೆ ಒಂದೇ ಅಲ್ಲ. ಶನಿವಾರ, ಭಾನುವಾರ ಬಸ್ಸು ಇನ್ನೂ ಕಡಿಮೆ. ಹಿಂದಿನ ರಾತ್ರಿಯೇ ನಿಮ್ಮ ತಾರೀಖು ಹಾಕಿ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಬೆಳಿಗ್ಗೆ ಬಸ್ಸಿನಲ್ಲಿ ಕ್ರೆಗ್ಲಿಂಗನ್‌ಗೆ ಹೋಗಿ ರೋಟನ್‌ಬುರ್ಗ್ ಕಡೆಗೆ ನಡೆಯುವುದು. ಆಗ ಬಸ್ಸಿನ ಚಿಂತೆ ಬೆಳಿಗ್ಗೆಯೇ ಮುಗಿಯಿತು. ಕೊನೆಯ ಏರು ತಪ್ಪಲ್ಲ, ನಿಜ. ಆದರೆ ಏರಿನ ತುದಿಯಲ್ಲಿ ನಿಮ್ಮ ಹಾಸಿಗೆ ಇರುತ್ತದೆ.

ಪೂರ್ವದ ಬಯಲು

ಕಣಿವೆಗೆ ಇಳಿಯುವುದೇ ಬೇಡ ಅನ್ನುವವರು ಪೂರ್ವದ ಕಡೆ ಹೋಗಬಹುದು. ಹೊಲ, ಆಮೇಲೆ ಕಾಡು ತುಂಬಿದ ಫ್ರಾಂಕೆನ್‌ಹೋಯೆ ದಿಣ್ಣೆಗಳು. ನೋಡಲು ಸಾಧಾರಣ ದಿಣ್ಣೆ. ಆದರೆ ಇದರ ನೆತ್ತಿಯ ಒಂದು ಪಕ್ಕ ಬಿದ್ದ ಮಳೆ ಟೌಬರ್, ಮೈನ್, ರೈನ್ ಹಿಡಿದು ಉತ್ತರ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಕ್ಕ ಬಿದ್ದದ್ದು ಆಲ್ಟ್‌ಮ್ಯೂಲ್, ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರ ಸೇರುತ್ತದೆ. ಈ ದಿಣ್ಣೆಯ ಮೇಲಿನ ಶಿಲ್ಲಿಂಗ್ಸ್‌ಫ್ಯೂರ್ಸ್ಟ್‌ನಲ್ಲಿ ದೊಡ್ಡ ಅರಮನೆಯೊಂದಿದೆ. ನ್ಯೂರ್ನ್‌ಬೆರ್ಗ್ ಕಡೆಯಿಂದ ಬರುವ ಯಾಕೋಬ್ಸ್‌ವೆಗ್ ಯಾತ್ರಾದಾರಿಯೂ ಪೂರ್ವದಿಂದಲೇ ರೋಟನ್‌ಬುರ್ಗ್ ಸೇರುತ್ತದೆ, ಚಿಪ್ಪಿನ ಗುರುತು ನೋಡಿಕೊಂಡು ಸ್ವಲ್ಪ ದೂರ ಹಿಂದಕ್ಕೆ ನಡೆಯಬಹುದು. ಒಂಟಿಯಾಗಿ ನಡೆಯಲು ಇಷ್ಟ ಇರುವವರಿಗೆ ಈ ಕಡೆ. ಮೊದಲ ಸಲ ಬಂದವರಿಗೆ ನಾನು ಹೇಳುವುದಿಲ್ಲ, ಕೋಟೆ ಊರಿನ ನೋಟವೇ ಕೈತಪ್ಪಿಹೋಗುತ್ತದೆ.

ಊರಿಗೆ ಇದ್ದ ಎರಡನೇ ಕೋಟೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 15ನೇ ಶತಮಾನದಲ್ಲಿ ರೋಟನ್‌ಬುರ್ಗ್‌ನವರು ಊರಿಗಷ್ಟೇ ಅಲ್ಲ, ತಮ್ಮ ಕೈಕೆಳಗಿನ ಹಳ್ಳಿ ಹೊಲಗಳಿಗೂ ಬೇಲಿ ಹಾಕಿದರು. ಹೆಸರು ಲಾಂಡ್‌ಹೇಗೆ. ಮಣ್ಣಿನ ದಿಬ್ಬ, ನಡುವೆ ಕಂದಕ, ಮೇಲೆ ಮುಳ್ಳುಪೊದೆ, ಉದ್ದ ಅರವತ್ತು ಕಿಲೋಮೀಟರಿಗೂ ಮೇಲೆ. ರಸ್ತೆ ಹಾಯುವ ಕಡೆ ಕಾವಲು ಗೋಪುರ. ಈಗ ಕಾಡಿನಲ್ಲಿ, ಹೊಲದಂಚಿನಲ್ಲಿ ಅದರ ತುಂಡುಗಳು ಉಳಿದಿವೆ. ಗೊತ್ತಿಲ್ಲದವರು ಯಾವುದೋ ಹಳೇ ಕಾಲುವೆ ಅಂದುಕೊಂಡು ದಾಟಿಹೋಗುತ್ತಾರೆ.

ಹೊರಡುವ ಮುಂಚೆ

ಏಪ್ರಿಲ್ ಕೊನೆ, ಮೇ ತಿಂಗಳು ಹಣ್ಣಿನ ಮರಗಳ ಹೂವಿಗೆ. ಅಕ್ಟೋಬರ್ ಎಲೆಗಳ ಬಣ್ಣಕ್ಕೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಆಗ ಗೋಡೆ ಅಥವಾ ಡೆಟ್‌ವಾಂಗ್ ಬಿಟ್ಟು ಬೇರೆ ಯೋಚನೆ ಬೇಡ.

ಹುಲ್ಲಿನಲ್ಲಿ ಉಣುಗು ಇರುತ್ತದೆ. ನಮ್ಮ ಕಾಡಿನಲ್ಲೂ ಇದೆ, ಆದರೆ ಬವೇರಿಯಾದ ಬಹುಪಾಲು ಕಡೆ ಅದು ಮಿದುಳಿನ ಉರಿಯೂತ ಹರಡುವ ಸಾಧ್ಯತೆ ಇದೆ. ಅಲ್ಲೇ ನೆಲೆಸಿರುವವರು ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಉಳಿದವರು ಉದ್ದ ಪ್ಯಾಂಟ್ ಹಾಕಿ, ರಾತ್ರಿ ಮಂಡಿ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ಹಳ್ಳಿಯ ಹೋಟೆಲುಗಳಿಗೆ ವಾರದಲ್ಲಿ ಒಂದೆರಡು ದಿನ ರಜೆ. ರೂಹೆಟಾಗ್ ಅಂತ ಬೋರ್ಡು ನೇತುಹಾಕಿದ್ದರೆ ಬಾಗಿಲು ತಟ್ಟಿ ಪ್ರಯೋಜನ ಇಲ್ಲ. ನೀರು, ಬ್ರೆಡ್ಡು, ಚಟ್ನಿಪುಡಿ ಚೀಲದಲ್ಲಿರಲಿ, ಸ್ವಲ್ಪ ನಗದೂ ಇರಲಿ.

ರೈಲಿನಲ್ಲಿ ಬರುವವರು ಸ್ಟೈನಾಖ್‌ನಲ್ಲಿ ಇಳಿದು ಸಣ್ಣ ರೈಲಿಗೆ ಬದಲಾಯಿಸಬೇಕು, ಅಲ್ಲಿಂದ ಕಾಲು ಗಂಟೆ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಸ್ಥಳೀಯ ರೈಲುಗಳಿಗೆಲ್ಲ ನಡೆಯುವ ತಿಂಗಳ ಪಾಸ್, ಇದ್ದರೆ ಸಾಕು. ಸ್ಟೇಷನ್ನಿನಿಂದ ರ‍್ಯೋಡರ್‌ಟೋರ್ ಬಾಗಿಲಿಗೆ ಹತ್ತು ನಿಮಿಷದ ನಡಿಗೆ.

ಒಂದು ರಾತ್ರಿ ಉಳಿಯಲು ಆಗುವವರು ಮಧ್ಯಾಹ್ನ ಬಂದು, ಚೀಲ ಇಳಿಸಿ, ಬಿಸಿಲು ಪಶ್ಚಿಮಕ್ಕೆ ತಿರುಗಿದ ಮೇಲೆ ಡೆಟ್‌ವಾಂಗ್ ಸುತ್ತಿ ಬನ್ನಿ. ಗೋಡೆಯನ್ನು ಮರುದಿನ ಬೆಳಿಗ್ಗೆ ಏಳು ಗಂಟೆಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಮೇಲೆ ಹೊಟ್ಟೆ ಎಳೆದುಕೊಂಡು ದಾರಿ ಬಿಡಬೇಕಾದವರು ಯಾರೂ ಇರುವುದಿಲ್ಲ. ಕೆಳಗಿನ ಬೇಕರಿಯ ವಾಸನೆ ಮಾಡಿನವರೆಗೂ ಬರುತ್ತಿರುತ್ತದೆ.